ಡಬಲ್ ಬಿಟ್ಟು ಫ್ಲೋಟ್‌ಗೆ ಇಳಿದರೆ ಉಳಿತಾಯ ಎಷ್ಟು, ಅಪಾಯ ಎಲ್ಲಿ?

ಗ್ರಿಡ್‌ಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲೋಹದ ಘನವೊಂದರೊಳಗೆ ಶಾಖ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಘನವನ್ನು ಮೂರೂ ದಿಕ್ಕಿನಲ್ಲಿ 512 ಭಾಗ ಮಾಡಿರುವುದರಿಂದ ಒಟ್ಟು 13,42,17,728 ಕೋಶಗಳಾಗುತ್ತವೆ. ಪ್ರತಿ ಕೋಶದ ಉಷ್ಣಾಂಶ ಕೆಲ್ವಿನ್‌ನಲ್ಲಿ ಇದ್ದು, ಬಿಸಿ ಮಾಡಿದ ಒಂದು ಮೂಲೆಯಲ್ಲಿ 360, ಉಳಿದೆಡೆ 300. ಹಿಂದಿನ ಹಂತದ ಹಾಗೂ ಮುಂದಿನ ಹಂತದ ಎರಡು ಪ್ರತಿಗಳನ್ನು ಇಟ್ಟುಕೊಳ್ಳಬೇಕಾದ್ದರಿಂದ ಡಬಲ್‌ನಲ್ಲಿ, ಅಂದರೆ ಒಂದು ಸಂಖ್ಯೆಗೆ 64 ಬಿಟ್ (8 ಬೈಟ್) ಬಳಸುವ ಮಾದರಿಯಲ್ಲಿ, 2 ಜಿಬಿ ಮೆಮೊರಿ ಹಿಡಿಯುತ್ತದೆ.

ಎಲ್ಲವನ್ನೂ 32 ಬಿಟ್‌ನ (4 ಬೈಟ್) ಫ್ಲೋಟ್‌ಗೆ ಬದಲಾಯಿಸಿದಾಗ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಉಷ್ಣಾಂಶದ ನಕ್ಷೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೂ ಇಲ್ಲ. ಆದರೆ ಗೋಡೆಗಳಿಂದ ಶಾಖ ಹೊರಹೋಗದ ಕಾರಣ ಎಲ್ಲ ಕೋಶಗಳ ಮೊತ್ತ ಸ್ಥಿರವಾಗಿರಬೇಕೆಂದು ನಾನು ಇಟ್ಟುಕೊಂಡಿದ್ದ ತಪಾಸಣೆಯಲ್ಲಿ, 4,026 ಕೋಟಿಗಿಂತ ಹೆಚ್ಚು ಬರಬೇಕಾದಲ್ಲಿ ಪ್ರತಿ ಸಲವೂ ಕರಾರುವಾಕ್ಕಾಗಿ 8,58,99,34,592 ಎಂದೇ ಬರುತ್ತಿದೆ. 16 ಬಿಟ್‌ನ ಹಾಫ್‌ನಲ್ಲಿ ಸಂಗ್ರಹಿಸಿ ನೋಡಿದರೆ ಶಾಖ ಸ್ವಲ್ಪ ದೂರ ಹರಡಿ ಅಲ್ಲೇ ನಿಂತುಬಿಡುತ್ತದೆ. ಇನ್ನೊಂದು ಸಂಗತಿ: ಡಬಲ್ ಆಗಲಿ ಫ್ಲೋಟ್ ಆಗಲಿ, ಓಡುತ್ತಿರುವಾಗ ಪ್ರೊಸೆಸರ್ ತೋರಿಸುವ ವ್ಯಾಟ್ ಬಹುತೇಕ ಒಂದೇ. ಹಾಗಾದರೆ ವಿದ್ಯುತ್ ಉಳಿಯುತ್ತದೆ ಎನ್ನುವುದು ಬರಿಯ ಮಾತೇ?

ಬಿಟ್ಟೂ ಬೈಟೂ

ಮೊತ್ತ ನಿಲ್ಲುವುದಕ್ಕೂ ಶಾಖ ನಿಲ್ಲುವುದಕ್ಕೂ ಕಾರಣ ಒಂದೇ. ಫ್ಲೋಟ್‌ನಲ್ಲಿ ಚಿಹ್ನೆಗೆ 1, ಘಾತಾಂಕಕ್ಕೆ (ಸಂಖ್ಯೆ ಎಷ್ಟು ದೊಡ್ಡದು ಎಂದು ಹೇಳುವ 2ರ ಘಾತಕ್ಕೆ) 8, ಅಂಕಿಗಳಿಗೆ 23 ಬಿಟ್‌ಗಳಿವೆ. ಅಂಕಿಗಳ ಸಂಖ್ಯೆ ಸೀಮಿತವಾಗಿರುವುದರಿಂದ ಮೌಲ್ಯ ದೊಡ್ಡದಾದಷ್ಟೂ ಅದರ ಪಕ್ಕದ ಮೌಲ್ಯ ದೂರ ಸರಿಯುತ್ತದೆ. ತಾವು ಕೊಟ್ಟಿರುವ 8,58,99,34,592 ಎಂದರೆ ಸರಿಯಾಗಿ 2ರ 33ನೇ ಘಾತ. ಅಲ್ಲಿಂದಾಚೆ ಫ್ಲೋಟ್‌ನಲ್ಲಿ ಒಂದು ಸಂಖ್ಯೆಗೂ ಅದರ ಮುಂದಿನದಕ್ಕೂ ಇರುವ ಅಂತರ 1024. ತಾವು ಕೂಡುತ್ತಿರುವ 300 ಅದರ ಅರ್ಧಕ್ಕಿಂತ ಕಡಿಮೆಯಾದ್ದರಿಂದ ಉತ್ತರ ಮತ್ತೆ ಹಳೆಯ ಸಂಖ್ಯೆಗೇ ದುಂಡಾಗುತ್ತದೆ, ಆಮೇಲೆ ಎಷ್ಟು ಕೋಟಿ ಕೋಶಗಳನ್ನು ಕೂಡಿದರೂ ಮೊತ್ತ ಅಲುಗುವುದಿಲ್ಲ. ಹಾಗೆ ನೋಡಿದರೆ ಅದಕ್ಕೂ ಮುಂಚೆಯೇ, ಅಂತರ 512 ಇದ್ದ ವಲಯದಲ್ಲಿ, ಒಂದೊಂದು 300 ಕೂಡ 512 ಆಗಿ ಸೇರಿಕೊಂಡಿದೆ. ಆದ್ದರಿಂದ ಕೋಶಗಳು ಫ್ಲೋಟ್‌ನಲ್ಲೇ ಇರಲಿ, ಮೊತ್ತವನ್ನು ಹಿಡಿಯುವ ಆ ಒಂದು ಚರವನ್ನು ಮಾತ್ರ ಡಬಲ್ ಮಾಡಿ. ಅದಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಮೆಮೊರಿ 4 ಬೈಟ್.

ಹಾಫ್‌ನಲ್ಲಿ ಅಂಕಿಗಳಿಗೆ ಇರುವುದು 10 ಬಿಟ್ ಮಾತ್ರ, ಹಾಗಾಗಿ 256ರಿಂದ 512ರ ನಡುವೆ ಅಂತರ 0.25 ಕೆಲ್ವಿನ್. ಒಂದು ಹಂತದಲ್ಲಿ ಕೋಶದ ಉಷ್ಣಾಂಶ 0.125ಕ್ಕಿಂತ ಕಡಿಮೆ ಬದಲಾದರೆ ಆ ಬದಲಾವಣೆ ಬರೆದಿಡುವಾಗಲೇ ಅಳಿಸಿಹೋಗುತ್ತದೆ. ಬಿಸಿ ಮೂಲೆಯ ಹತ್ತಿರ ಬದಲಾವಣೆ ದೊಡ್ಡದಿರುವ ತನಕ ಶಾಖ ಮುಂದುವರಿದು, ಇಳಿಜಾರು ಕಡಿಮೆಯಾದ ಕಡೆ ನಿಲ್ಲುವುದು ಇದಕ್ಕೇ. 16 ಬಿಟ್‌ನದೇ ಇನ್ನೊಂದು ಮಾದರಿಯಾದ ಬಿಎಫ್‌ಫ್ಲೋಟ್16 ಬಳಸೋಣವೆಂದರೆ ಇನ್ನೂ ಕಷ್ಟ, ಅದರಲ್ಲಿ ಘಾತಾಂಕಕ್ಕೆ 8 ಬಿಟ್ ಕೊಟ್ಟು ಅಂಕಿಗಳಿಗೆ 7 ಉಳಿಸಿರುವುದರಿಂದ 300ರ ಆಸುಪಾಸಿನ ಅಂತರ 2 ಕೆಲ್ವಿನ್.

ಉಷ್ಣಾಂಶದ ಬದಲು 300ರಿಂದ ಎಷ್ಟು ಹೆಚ್ಚು ಎನ್ನುವುದನ್ನಷ್ಟೇ ಸಂಗ್ರಹಿಸಿದರೆ ಹಾಫ್ ಸಾಕಷ್ಟು ಸುಧಾರಿಸುತ್ತದೆ. 1 ಕೆಲ್ವಿನ್‌ಗಿಂತ ಕಡಿಮೆ ಏರಿರುವ ಕೋಶಗಳಲ್ಲಿ ಅಂತರ 0.0005ರ ಒಳಗೆ ಬರುತ್ತದೆ. ಆದರೂ 60ರ ಹತ್ತಿರ ಅದು 0.03 ಇದ್ದೇ ಇರುತ್ತದೆ. ಸಾವಿರಾರು ಹಂತಗಳ ಉದ್ದಕ್ಕೂ ಹಾಫ್‌ನಲ್ಲೇ ಬರೆದಿಟ್ಟು ಓದುವುದನ್ನು ನಾನಂತೂ ಒಪ್ಪುವುದಿಲ್ಲ. ಲೆಕ್ಕ ಮುಗಿದ ಮೇಲೆ ನಕ್ಷೆಯನ್ನು ಡಿಸ್ಕ್‌ಗೆ ಉಳಿಸಲು ಧಾರಾಳವಾಗಿ ಬಳಸಬಹುದು.

ಮಿತವ್ಯಯಿ

ವಿದ್ಯುತ್ತಿನ ವಿಷಯಕ್ಕೆ ನನ್ನ ಉತ್ತರ. ವ್ಯಾಟ್ ಎನ್ನುವುದು ಶಕ್ತಿ ಖರ್ಚಾಗುವ ವೇಗ, ಬಿಲ್ಲಿಗೆ ಬರುವುದು ವ್ಯಾಟನ್ನು ಸಮಯದಿಂದ ಗುಣಿಸಿದ ಮೊತ್ತ. ಅದೇ ವ್ಯಾಟ್‌ನಲ್ಲಿ ಅರ್ಧ ಸಮಯಕ್ಕೆ ಕೆಲಸ ಮುಗಿದರೆ ಶಕ್ತಿಯೂ ಅರ್ಧವೇ ಖರ್ಚಾಗಿರುತ್ತದೆ. ತಾವು ನೋಡಬೇಕಾದದ್ದು ಇಡೀ ಓಟಕ್ಕೆ ತಗುಲಿದ ಜೂಲ್‌ಗಳನ್ನು (ಶಕ್ತಿಯನ್ನು ಅಳೆಯುವ ಮಾನ), ಆ ಎಣಿಕೆ ಇತ್ತೀಚಿನ ಪ್ರೊಸೆಸರ್‌ಗಳಲ್ಲಿ ಒಳಗೇ ಇರುತ್ತದೆ.

ಈ ಉಳಿತಾಯದ ಬಹುಪಾಲು ಗುಣಾಕಾರದಿಂದ ಬಂದದ್ದಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ ಅವರು 45 ನ್ಯಾನೊಮೀಟರ್ ಚಿಪ್‌ಗಳಿಗೆ ಅಂದಾಜಿಸಿ ಕೊಟ್ಟ ಅಂಕಿಗಳ ಪ್ರಕಾರ, 32 ಬಿಟ್ ಫ್ಲೋಟ್ ಗುಣಾಕಾರಕ್ಕೆ ಸುಮಾರು 3.7 ಪಿಕೊಜೂಲ್ (ಜೂಲ್‌ನ ಲಕ್ಷ ಕೋಟಿಯಲ್ಲೊಂದು ಭಾಗ), 16 ಬಿಟ್‌ಗಾದರೆ 1.1 ಸಾಕು, ಆದರೆ ಮುಖ್ಯ ಮೆಮೊರಿಯಿಂದ 64 ಬಿಟ್ ತರಲು 1,300ರಿಂದ 2,600 ಪಿಕೊಜೂಲ್ ಬೇಕು. ಒಗ್ಗರಣೆಗೆ ಒಂದು ಎಸಳು ಕರಿಬೇವು ತರಲು ಪೇಟೆಗೆ ಹೋಗಿಬಂದಂತಹ ಲೆಕ್ಕ ಇದು. ತಮ್ಮ ಪ್ರೋಗ್ರಾಮ್ ಪ್ರತಿ ಕೋಶಕ್ಕೂ ಆರು ನೆರೆಕೋಶಗಳನ್ನು ಕೂಡಿ ಒಂದೆರಡು ಗುಣಾಕಾರ ಮಾಡಿ ಮುಂದೆ ಹೋಗುವಂಥದ್ದು, ಮೆಮೊರಿಯ ಸಾಗಾಟವೇ ಅದರ ನಿಜವಾದ ಖರ್ಚು. ಬೈಟ್ ಅರ್ಧವಾದಾಗ ಸಮಯ ಅರ್ಧವಾದದ್ದು ಅದಕ್ಕೇ.

ಮರೆಯುವ ಮುಂಚೆ ಒಂದು ಮಾತು. ಸಿ ಭಾಷೆಯಲ್ಲಿ 0.1 ಎಂದು ಬರೆದರೆ ಅದು ಡಬಲ್, ಕೊನೆಗೆ ‘ಎಫ್’ ಅಕ್ಷರ ಸೇರಿಸಿದರೆ ಮಾತ್ರ ಫ್ಲೋಟ್. ಎಫ್ ಇಲ್ಲದ ಒಂದು ಸ್ಥಿರಾಂಕ ಒಳಗಿನ ಲೂಪ್‌ನಲ್ಲಿ ಸಿಕ್ಕಿಕೊಂಡಿದ್ದರೆ ಪ್ರತಿ ಫ್ಲೋಟ್ ಕೂಡ ಡಬಲ್ ಆಗಿ ಮತ್ತೆ ಫ್ಲೋಟ್ ಆಗಿ ತಿರುಗುತ್ತಿರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇದು ಗಮನಕ್ಕೇ ಬಾರದಿರಬಹುದು, ಫ್ಲೋಟ್ ಮಾತ್ರ ಬಲ್ಲ ಕಾರ್ಟೆಕ್ಸ್ ಎಂ4ನಂತಹ ಸಣ್ಣ ಚಿಪ್‌ನಲ್ಲಾದರೆ ಡಬಲ್ ಲೆಕ್ಕವೆಲ್ಲ ಸಾಫ್ಟ್‌ವೇರ್‌ನಲ್ಲಿ ನಡೆದು ಬ್ಯಾಟರಿ ಬರಿದಾಗುತ್ತದೆ.

ಸಂಶಯವಾದಿ

ಮೆಮೊರಿ ಅಗ್ಗವಾಗಿರುವ ಈ ಕಾಲದಲ್ಲಿ ಇಷ್ಟೆಲ್ಲ ಕಸರತ್ತು ಯಾಕೆ ಎಂಬುದು ನನ್ನ ಪ್ರಶ್ನೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನ್‌ನಲ್ಲಿ ಪೇಟ್ರಿಯಟ್ ವ್ಯವಸ್ಥೆ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಅಮೆರಿಕನ್ ಸೈನಿಕರು ಸತ್ತದ್ದು, ಸಮಯವನ್ನು 24 ಬಿಟ್‌ಗೆ ಮೊಟಕುಗೊಳಿಸಿದ್ದರಿಂದ. ಡಬಲ್‌ನಲ್ಲಿ ಸುಖವಾಗಿರುವವರನ್ನು ಅಲ್ಲೇ ಬಿಡಿ.

ಬಿಟ್ಟೂ ಬೈಟೂ

ಮೆಮೊರಿ ಅಗ್ಗ ನಿಜ, ಅದರಿಂದ ಪ್ರೊಸೆಸರ್‌ಗೆ ಬೈಟ್ ತರುವ ದಾರಿ ಅಗ್ಗವಾಗಿಲ್ಲ ಎಂಬುದನ್ನೇ ಮೇಲಿನ ಅಂಕಿಗಳು ಹೇಳುತ್ತಿರುವುದು. ದಹ್ರಾನ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದ್ವಿಮಾನದಲ್ಲಿ ಪೂರ್ತಿಯಾಗಿ ಬರೆಯಲಾಗದೆ ಉಳಿದ ಅತಿ ಸಣ್ಣ ದೋಷ, ಯಂತ್ರ ಸತತವಾಗಿ ಸುಮಾರು 100 ಗಂಟೆ ಓಡಿದ್ದರಿಂದ 0.34 ಸೆಕೆಂಡಿಗೆ ಬೆಳೆದಿತ್ತು. ಜೊತೆಗೆ, ಸಮಯ ಪರಿವರ್ತನೆಯನ್ನು ಕೋಡ್‌ನ ಕೆಲವೆಡೆ ಸುಧಾರಿಸಿ ಉಳಿದೆಡೆ ಹಾಗೇ ಬಿಟ್ಟಿದ್ದರಿಂದ ಎರಡು ಕಡೆಯ ದೋಷಗಳು ಒಂದನ್ನೊಂದು ಕಳೆದುಕೊಳ್ಳಲಿಲ್ಲ. ಬೆಳೆಯುತ್ತಾ ಹೋಗುವ ಮೊತ್ತವನ್ನು ಕಿರಿದಾದ ಜಾಗದಲ್ಲಿ ಇಡಬೇಡಿ ಎನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ, ಎಲ್ಲವನ್ನೂ ಅಗಲ ಮಾಡಿ ಎನ್ನುವುದಕ್ಕೆ ಅಲ್ಲ.

ಬೇರೆ ಬಗೆಯ ಉದಾಹರಣೆಯೂ ಇದೆ. ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ಯೂರೋಪಿಯನ್ ಕೇಂದ್ರವು 2021ರ ಮೇ ತಿಂಗಳಲ್ಲಿ ತನ್ನ ಮುನ್ಸೂಚನಾ ಮಾದರಿಯನ್ನು ಡಬಲ್‌ನಿಂದ ಫ್ಲೋಟ್‌ಗೆ ಇಳಿಸಿತು. ಸುಮಾರು ಶೇಕಡಾ 40ರಷ್ಟು ಲೆಕ್ಕದ ಸಮಯ ಉಳಿಯಿತು, ಆ ಉಳಿತಾಯವನ್ನು ಸುಮ್ಮನೆ ಬಿಡದೆ, ಸಮೂಹ ಮುನ್ಸೂಚನೆಯಲ್ಲಿ (ಒಂದೇ ಮಾದರಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಸಲ ಓಡಿಸುವ ವಿಧಾನ) ವಾತಾವರಣದ ಪದರಗಳನ್ನು 91ರಿಂದ 137ಕ್ಕೆ ಏರಿಸಲು ಬಳಸಿಕೊಂಡರು. ಗಾಳಿಯ ಉಷ್ಣಾಂಶವನ್ನು ಅಳೆಯುವಾಗಲೇ ದಶಮಾಂಶದ ಮೊದಲ ಸ್ಥಾನದಲ್ಲಿ ಅನುಮಾನವಿರುವಾಗ ಹದಿನೈದನೆಯ ಅಂಕಿಯನ್ನು ಹೊತ್ತು ತಿರುಗುವುದಕ್ಕಿಂತ ಇನ್ನಷ್ಟು ಪದರಗಳನ್ನು ಲೆಕ್ಕ ಹಾಕುವುದು ಮೇಲು ಎಂಬ ಅವರ ತೀರ್ಮಾನ ನನಗೆ ಸರಿಯೆನಿಸುತ್ತದೆ.

ಗ್ರಿಡ್‌ಗಾರ

ಎಲ್ಲರಿಗೂ ಧನ್ಯವಾದ. ಮೊತ್ತದ ಚರವನ್ನು ಡಬಲ್ ಮಾಡಿದ ಕೂಡಲೇ ತಪಾಸಣೆ ಸರಿಯಾಯಿತು, ಜೂಲ್‌ಗಳ ಎಣಿಕೆಯೂ ಸಮಯದ ಜೊತೆಜೊತೆಗೇ ಇಳಿದಿದೆ. ಉಳಿದಿರುವ ಅನುಮಾನ ಒಂದೇ: ಹಾಫ್‌ನಲ್ಲಿ ಬೈಟ್‌ಗಳು ಇನ್ನೂ ಅರ್ಧವಾದರೂ ನನ್ನ ಯಂತ್ರದಲ್ಲಿ ಅದು ಫ್ಲೋಟ್‌ಗಿಂತ ನಿಧಾನವಾಗಿ ಓಡಿತೇಕೆ?

ಮಿತವ್ಯಯಿ

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ಹಾಫ್‌ನಲ್ಲಿ ನೇರವಾಗಿ ಕೂಡಿ ಗುಣಿಸಲಾರವು. ಓದಿದ ಮೇಲೆ ಫ್ಲೋಟ್ ಮಾಡಿಕೊಂಡು, ಲೆಕ್ಕ ಮುಗಿಸಿ, ಬರೆಯುವಾಗ ಮತ್ತೆ ಹಾಫ್ ಮಾಡಬೇಕು. ಈ ಪರಿವರ್ತನೆಗೆಂದೇ ಇರುವ ಆದೇಶಗಳನ್ನು ಬಳಸಲು ಕಂಪೈಲರ್‌ಗೆ (ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಸಾಫ್ಟ್‌ವೇರ್‌ಗೆ) ಅನುಮತಿ ಕೊಡದಿದ್ದರೆ ಪ್ರತಿ ಕೋಶಕ್ಕೂ ಒಂದು ಫಂಕ್ಷನ್ ಕರೆ ಬೀಳುತ್ತದೆ, ಮೆಮೊರಿಯಲ್ಲಿ ಗಳಿಸಿದ್ದೆಲ್ಲ ಅಲ್ಲಿ ಸೋರಿಹೋಗುತ್ತದೆ. ಯಂತ್ರಕ್ಕೆ ತಕ್ಕ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿ ನೋಡಿ. ಹಾಫ್‌ನಲ್ಲೇ ಲೆಕ್ಕ ಮಾಡಬೇಕೆಂದರೆ ಇತ್ತೀಚಿನ ಗ್ರಾಫಿಕ್ಸ್ ಕಾರ್ಡ್ ಬೇಕು.