ಸರ್ಕಾರ ದುಡ್ಡು ಕೊಡಲಿ, ಆಸ್ಪತ್ರೆಯ ಚಿಕಿತ್ಸೆಗೆ ಬೆಲೆ ನಿಗದಿ ಮಾಡುವುದು ಬೇಡ: ಏನಂತೀರಿ?

ತುಮಕೂರಿನವನು

ಹೋದ ತಿಂಗಳು ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಮೊದಲು ಮೂರು ಕಡೆ ಫೋನ್ ಮಾಡಿ ವಿಚಾರಿಸಿದೆ. ಮೂರೂ ಕಡೆ ಲೆನ್ಸ್, ಆಪರೇಷನ್, ಔಷಧಿ, ಆಮೇಲಿನ ಎರಡು ಚೆಕಪ್ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದರು. 18 ಸಾವಿರ, 24 ಸಾವಿರ, 31 ಸಾವಿರ. ಮಧ್ಯದ್ದಕ್ಕೆ ಹೋದೆವು. ಹೇಳಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಹರ್ನಿಯಾ ಆಗಿತ್ತು. ಇನ್ನೊಂದು ಆಸ್ಪತ್ರೆಯಲ್ಲಿ ಎಷ್ಟಾಗುತ್ತೆ ಅಂತ ಕೇಳಿದರೆ ‘ಮೊದಲು ಅಡ್ಮಿಟ್ ಆಗಲಿ, ಆಮೇಲೆ ನೋಡೋಣ’ ಅಂದರು. ಬಿಲ್ಲು ನಾಲ್ಕು ಪುಟ ಬಂತು. ಅದರಲ್ಲಿ ‘ಕನ್ಸ್ಯೂಮಬಲ್ಸ್’ (ಬಳಸಿ ಬಿಸಾಡುವ ಸಾಮಾನು) ಅಂತ ಒಂದೇ ಸಾಲಿಗೆ 11,640 ರೂಪಾಯಿ. ಏನೇನು ಅಂತ ಬೆರಳಿಟ್ಟು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗನಿಗೂ ಗೊತ್ತಿರಲಿಲ್ಲ.

ಕಣ್ಣಿನ ಆಪರೇಷನ್‌ನಲ್ಲಿ ಪೈಪೋಟಿ ಇದೆ, ಜನ ರೇಟು ಕೇಳಿಯೇ ಹೋಗುತ್ತಾರೆ. ಮದುರೈನ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ಹೊರದೇಶದ ಲೆನ್ಸ್ ಕೈಗೆ ಎಟುಕುವುದಿಲ್ಲ ಅಂತ 1992ರಲ್ಲಿ ಆರೋಲ್ಯಾಬ್ ಅನ್ನುವ ಕಾರ್ಖಾನೆ ಕಟ್ಟಿ ತಾವೇ ಲೆನ್ಸ್ ಮಾಡಿದರು. ಬೆಲೆ ಇಳಿಸಿ ಅಂತ ಅವರಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ.

ನನ್ನ ವಾದ ಇಷ್ಟು. ಬಡವರ ಚಿಕಿತ್ಸೆಗೆ ಸರ್ಕಾರ ದುಡ್ಡು ಕೊಡಲಿ. ಎಲ್ಲಿಗೆ ಹೋಗಬೇಕು ಅಂತ ಅವರೇ ಆರಿಸಿಕೊಳ್ಳಲಿ. ಒಟ್ಟು ಖರ್ಚನ್ನು ಆಸ್ಪತ್ರೆ ಮೊದಲೇ ಬರೆದುಕೊಡಬೇಕು ಅಂತ ಕಡ್ಡಾಯ ಮಾಡಲಿ. ಬೆಲೆ ಕಟ್ಟುವುದಕ್ಕೆ ಮಾತ್ರ ಕೈ ಹಾಕುವುದು ಬೇಡ.

ಹುಬ್ಬಳ್ಳಿ ಹುಡುಗ

ಅಣ್ಣಾ, ನನ್ನದೂ ಎರಡು ಬಿಲ್ಲು ಕೇಳಿ. 2016ರಲ್ಲಿ ದೊಡ್ಡಪ್ಪನಿಗೆ ಸ್ಟೆಂಟ್ (ಹೃದಯದ ರಕ್ತನಾಳ ಕಟ್ಟದಂತೆ ತೆರೆದಿಡುವ ಸಣ್ಣ ಕೊಳವೆ) ಹಾಕಿದರು. ಸ್ಟೆಂಟ್ ಒಂದಕ್ಕೇ 1,25,000. ಅವರ ಒಂದೂವರೆ ಎಕರೆ ಹೊಲ ಒತ್ತೆ ಬಿತ್ತು. 2019ರಲ್ಲಿ ಅಪ್ಪನಿಗೂ ಹಾಕಿಸಬೇಕಾಯಿತು. ಸ್ಟೆಂಟ್‌ಗೆ 30 ಸಾವಿರದ ಆಸುಪಾಸು.

ನಡುವೆ ಏನಾಯಿತು? 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ನಿಗದಿ ಮಾಡಿತು. ಔಷಧ ಲೇಪಿಸಿದ ಸ್ಟೆಂಟ್‌ಗೆ 29,600, ಬರೀ ಲೋಹದ್ದಕ್ಕೆ 7,260. ಅಷ್ಟು ವರ್ಷ ಪೈಪೋಟಿ ಎಲ್ಲಿ ಹೋಗಿತ್ತು? ಕಂಪನಿಗಳು ಹತ್ತಾರು ಇದ್ದವು ತಾನೇ?

ತುಮಕೂರಿನವನು

ನಿಮ್ಮ ದೊಡ್ಡಪ್ಪನಿಗೆ ಆದದ್ದು ಅನ್ಯಾಯವೇ. ಅದನ್ನು ಸಮರ್ಥಿಸುವುದಿಲ್ಲ. ಆದರೆ ಆ ಬೆಲೆ ಹೇಗೆ ಏರಿತ್ತು ನೋಡಿ. ಸ್ಟೆಂಟ್ ಆರಿಸುವವರು ರೋಗಿ ಅಲ್ಲ, ಆಸ್ಪತ್ರೆ. ಎಂಆರ್‌ಪಿ ಜಾಸ್ತಿ ಇದ್ದಷ್ಟೂ ಆಸ್ಪತ್ರೆಗೆ ಉಳಿಯುವ ಮಾರ್ಜಿನ್ ಜಾಸ್ತಿ. ಹೀಗಿದ್ದಾಗ ಕಂಪನಿಗಳು ಬೆಲೆ ಏರಿಸುವುದರಲ್ಲೇ ಪೈಪೋಟಿಗೆ ಬೀಳುತ್ತವೆ. ಆಂಜಿಯೋಪ್ಲಾಸ್ಟಿ, ಅಂದರೆ ಸ್ಟೆಂಟ್ ಹಾಕುವ ಚಿಕಿತ್ಸೆ, ಪೂರ್ತಿ ಇಷ್ಟು ಅಂತ ಒಂದೇ ಮೊತ್ತ ಹೇಳಬೇಕು ಅಂತಿದ್ದರೆ ಅಗ್ಗದ ಸ್ಟೆಂಟ್ ಹುಡುಕುವುದು ಆಸ್ಪತ್ರೆಗೇ ಲಾಭ.

ಬೆಲೆ ಕಟ್ಟಿದ ಮೇಲೆ ಕೆಲವು ವಿದೇಶಿ ಕಂಪನಿಗಳು ತಮ್ಮ ಹೊಸ ಸ್ಟೆಂಟ್ ವಾಪಸ್ ತೆಗೆಯುತ್ತೇವೆ ಅಂತ ಅರ್ಜಿ ಹಾಕಿದವು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ?

ಮೈಸೂರು ಮೇಷ್ಟ್ರು

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವನು. ನಿಮ್ಮ ಉತ್ತರದಲ್ಲೇ ನಿಮ್ಮ ವಾದಕ್ಕೆ ಪೆಟ್ಟು ಬಿದ್ದಿದೆ. ‘ಆರಿಸುವವರು ರೋಗಿ ಅಲ್ಲ’ ಅಂದಿರಿ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿ ಹೇಳಿದ್ದೂ ಇದರ ಸುತ್ತಲೇ. ಏನು ಬೇಕು ಅಂತ ಡಾಕ್ಟರಿಗೆ ಗೊತ್ತು, ರೋಗಿಗೆ ಗೊತ್ತಿಲ್ಲ. ಕಾಯಿಲೆ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದವರ ಮಗ ಮೂರು ಕಡೆ ಫೋನ್ ಮಾಡಿ ರೇಟು ಕೇಳುತ್ತಾನಾ?

ಇನ್ನೊಂದು. ಅರವಿಂದ ಆಸ್ಪತ್ರೆ ಟ್ರಸ್ಟಿನದ್ದು, ಲಾಭದ ಕಂಪನಿ ಅಲ್ಲ. ಅದು ಶುರುವಾದ 1976ರಲ್ಲೇ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಸ್ವಯಂಸೇವಾ ಸಂಸ್ಥೆಗಳ ಆಸ್ಪತ್ರೆಗಳಿಗೆ ಇಷ್ಟು ಆಪರೇಷನ್‌ಗೆ ಇಷ್ಟು ಅಂತ ಅನುದಾನ ಕೊಡುತ್ತಾ ಬಂದಿದೆ. ಸರ್ಕಾರವನ್ನು ಕಥೆಯಿಂದ ಪೂರ್ತಿ ಹೊರಗಿಡಬೇಡಿ.

ತುಮಕೂರಿನವನು

ಸಾರ್, ಟ್ರಸ್ಟಿನ ಮಾತು ಒಪ್ಪಿದೆ. ಅನುದಾನದ ಮಾತು ನನ್ನ ಕಡೆಗೇ ಬರುತ್ತೆ. ಆಪರೇಷನ್ ಲೆಕ್ಕದಲ್ಲಿ ದುಡ್ಡು ಕೊಟ್ಟರು, ಆಸ್ಪತ್ರೆಯನ್ನು ನಡೆಸುವವರಿಗೇ ಬಿಟ್ಟರು. ಅಷ್ಟನ್ನೇ ನಾನೂ ಕೇಳುತ್ತಿರುವುದು.

ಎದೆನೋವಿಗೆ ರೇಟು ಕೇಳಲು ಆಗುವುದಿಲ್ಲ, ನಿಜ. ಅಪಘಾತ, ಹಾವು ಕಡಿತಕ್ಕೂ ಆಗುವುದಿಲ್ಲ. ಅದಕ್ಕೆ ಬೇರೆ ನಿಯಮ ಇರಲಿ. ಆದರೆ ಹೆರಿಗೆ, ಹರ್ನಿಯಾ, ಮಂಡಿ, ಪೊರೆ, ಇವೆಲ್ಲ ತಿಂಗಳ ಮುಂಚೆಯೇ ಗೊತ್ತಿರುತ್ತೆ. ಅದಕ್ಕೂ ಯಾಕೆ ರೇಟು ಹೇಳುವುದಿಲ್ಲ? ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆ ಪ್ರಕಾರ ದರ ತೋರಿಸಬೇಕು. ಹರ್ನಿಯಾ ಆದ ಆಸ್ಪತ್ರೆಯಲ್ಲೂ ಬೋರ್ಡ್ ಇತ್ತು. ಕನ್ಸಲ್ಟೇಷನ್ ಇಷ್ಟು, ರೂಮು ಇಷ್ಟು ಅಂತ. ಪೂರ್ತಿ ಆಪರೇಷನ್‌ಗೆ ಎಷ್ಟು ಅನ್ನುವುದು ಮಾತ್ರ ಇರಲಿಲ್ಲ.

2017ರಲ್ಲಿ ಆ ಕಾಯ್ದೆಯ ತಿದ್ದುಪಡಿಗೆ ಎಷ್ಟು ಗಲಾಟೆ ಆಯಿತು ನೆನಪಿದೆಯಾ? ಬೆಲೆ ಸರ್ಕಾರ ಕಟ್ಟುತ್ತೆ, ತಪ್ಪಿದರೆ ಜೈಲು ಅಂತ ಹೊರಟರು. ನವೆಂಬರ್‌ನಲ್ಲಿ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು. ಪರದಾಡಿದ್ದು ರೋಗಿಗಳು. ಕೊನೆಗೆ ಮಸೂದೆಯನ್ನು ಮೆದು ಮಾಡಿ ಪಾಸು ಮಾಡಿದರು. ಆ ಹಟವನ್ನೆಲ್ಲ ‘ಒಟ್ಟು ಮೊತ್ತ ಬರೆದುಕೊಡಿ’ ಅನ್ನುವ ಒಂದೇ ವಿಷಯಕ್ಕೆ ಹಿಡಿದಿದ್ದರೆ ಎಷ್ಟು ಚೆನ್ನಾಗಿತ್ತು.

ದಾವಣಗೆರೆ ಸಿಸ್ಟರ್

ನಾನು 20 ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುವವಳು. ಒಂದು ಸರ್ಕಾರಿ ಯೋಜನೆಯ ಪೇಷಂಟ್‌ಗಳನ್ನು ನಾವೂ ತೆಗೆದುಕೊಳ್ಳುತ್ತಿದ್ದೆವು. ಹಣ ಏಳು ತಿಂಗಳು ಬರಲಿಲ್ಲ. ಆಕ್ಸಿಜನ್ ಸಿಲಿಂಡರಿನವನು ಏಳು ತಿಂಗಳು ಕಾಯುವುದಿಲ್ಲ, ನಮ್ಮ ಸಂಬಳವೂ ಕಾಯುವುದಿಲ್ಲ. ಡಾಕ್ಟರು ಆ ಯೋಜನೆಯನ್ನೇ ಕೈ ಬಿಟ್ಟರು. ಸರ್ಕಾರ ದುಡ್ಡು ಕೊಡಲಿ ಅನ್ನುವವರು ‘ಇಷ್ಟು ದಿನದೊಳಗೆ’ ಅಂತಲೂ ಸೇರಿಸಿ.

ಆರಿಸುವ ಮಾತಿಗೂ ಒಂದು ಹೇಳುತ್ತೇನೆ. ಹರಪನಹಳ್ಳಿ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ತುರ್ತು ಕೇಸ್ ಅಲ್ಲ, ಹಾಗಾಗಿ ಯೋಜನೆಯಲ್ಲಿ ನಮ್ಮಲ್ಲಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿತ್ತು. ರೇಷನ್ ಕಾರ್ಡು, ಆಧಾರ್ ಎಲ್ಲ ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಚೀಟಿಗಾಗಿ ಮೂರು ಸಲ ಬಸ್ ಹತ್ತಿದ್ದರಂತೆ. ಯೋಜನೆಯ ಕಾರ್ಡಿನಲ್ಲಿ ಐದು ಲಕ್ಷದ ಚಿಕಿತ್ಸೆ ಅಂತ ಇದ್ದರೂ ಆ ಅಜ್ಜಿಗೆ ಆರಿಸುವ ಹಕ್ಕು ಎಲ್ಲಿದೆ?

ರೈತರ ಆರೋಗ್ಯ ಯೋಜನೆ ಯಶಸ್ವಿನಿ 2003ರಲ್ಲಿ ಶುರುವಾದಾಗ ಹಾಗಿರಲಿಲ್ಲ. ರೈತರು ಸಹಕಾರ ಸಂಘದ ಮೂಲಕ ತಿಂಗಳಿಗೆ ಐದು ರೂಪಾಯಿ ಕಟ್ಟುತ್ತಿದ್ದರು. ಸರ್ಕಾರವೂ ಹಣ ಹಾಕಿತ್ತು. ತಾವು ಕಟ್ಟಿದ ದುಡ್ಡು ಅಂತ ಜನ ಧೈರ್ಯವಾಗಿ ಬಂದು ಕೇಳುತ್ತಿದ್ದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಅನ್ನುವ ರಾಜ್ಯದ ಯೋಜನೆಯಲ್ಲಿ ಸೇರಿಸಿದರು, 2022ರಲ್ಲಿ ಮತ್ತೆ ಶುರು ಮಾಡಿದರು.

ಹುಬ್ಬಳ್ಳಿ ಹುಡುಗ

ಸಿಸ್ಟರ್ ಹೇಳಿದ್ದು ಸರಿ. ಆದರೂ ಸ್ಟೆಂಟ್ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಆಸ್ಪತ್ರೆಗಳು ಒಟ್ಟು ಮೊತ್ತ ಹೇಳುವ ಕಾಲ ಬರುವವರೆಗೆ ಬೆಲೆ ಮಿತಿ ಇರಲೇಬೇಕು. ಒತ್ತೆ ಇಟ್ಟ ಹೊಲ ಇನ್ನೂ ಬಿಡಿಸಿಲ್ಲ.

ಸಾಗರದ ಕಡೆಯವಳು

ನೀವೆಲ್ಲ ಬಿಲ್ಲಿನ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಇವತ್ತಿಗೂ ಬೇಸಿಗೆ ಬಂತೆಂದರೆ ಎದೆ ಢವಗುಟ್ಟುತ್ತೆ. ಕೊಟ್ಟಿಗೆಗೆ ಸೊಪ್ಪು, ದರಗು (ಒಣಗಿದ ಎಲೆ) ತರಲು ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಉಣುಗು ಹತ್ತಬಾರದು ಅಂತ. ಆ ಬಾಟಲಿಯನ್ನು ಮನೆ ಬಾಗಿಲಿಗೆ ತಂದುಕೊಡುವವರು ಆಶಾ ಕಾರ್ಯಕರ್ತೆ. ಹಳೇ ಲಸಿಕೆ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಹೊಸದಕ್ಕೆ ಮುಂದೆ ಬಂದದ್ದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್. ಜೊತೆಗಿರುವ ಹೈದರಾಬಾದಿನ ಕಂಪನಿಯೂ ಸರ್ಕಾರಿ ಸಂಸ್ಥೆಯಾದ ಎನ್‌ಡಿಡಿಬಿಯದ್ದೇ (ರಾಷ್ಟ್ರೀಯ ಹೈನುಗಾರಿಕೆ ಮಂಡಳಿ). ಕಾಡಂಚಿನ ನಾಲ್ಕು ಜನಕ್ಕೆ ಲಸಿಕೆ ಮಾಡಿದರೆ ಲಾಭ ಎಲ್ಲಿಂದ ಬರಬೇಕು? ಯಾವ ಮಾರುಕಟ್ಟೆ ನಮ್ಮನ್ನು ಕೇಳುತ್ತೆ?

ತುಮಕೂರಿನವನು

ಅಕ್ಕಾ, ಇದಕ್ಕೆ ಸುಮ್ನೆ ವಾದ ಮಾಡುವುದಿಲ್ಲ. ಲಸಿಕೆ, ಸಾಂಕ್ರಾಮಿಕ ಕಾಯಿಲೆ, ಕುಡಿಯುವ ನೀರು, ಇವುಗಳಲ್ಲಿ ಸರ್ಕಾರ ಇರಲೇಬೇಕು. ಮೊದಲೇ ಬರೆಯಬೇಕಿತ್ತು.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಹಳೇ ಲಸಿಕೆ ಅಷ್ಟು ವರ್ಷ ಸರ್ಕಾರದ ಕೈಯಲ್ಲೇ ಇತ್ತು. ಬೇರೆ ಯಾರೂ ಮುಂದೆ ಬರಲಿಲ್ಲ. ‘ಒಳ್ಳೆ ಲಸಿಕೆ ಮಾಡಿ, ಇಷ್ಟು ಡೋಸ್ ಈ ಬೆಲೆಗೆ ಕೊಳ್ಳುತ್ತೇವೆ’ ಅಂತ ಮೊದಲೇ ಖಾತ್ರಿ ಕೊಡುವ ದಾರಿಯೂ ಇದೆ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆಗೆ 2009ರಲ್ಲಿ ಕೆಲವು ದೇಶಗಳು, ದಾನಿಗಳು ಸೇರಿ ಹೀಗೇ ಮಾಡಿದರು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕೂಡ ಆಮೇಲೆ ಅದರೊಳಗೆ ಬಂತು.

ಸಾಗರದ ಕಡೆಯವಳು

ಖಾತ್ರಿ ಕೊಡುವುದೂ ಸರ್ಕಾರವೇ ತಾನೇ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಆ ಲಸಿಕೆ ಬರುವವರೆಗೂ ಎಣ್ಣೆ ಬಾಟಲಿ ತರುವ ಆಶಾಗೆ ತಿಂಗಳು ತಿಂಗಳು ಸರಿಯಾಗಿ ದುಡ್ಡು ಸಿಗಬೇಕು. ನಿಮ್ಮ ಪಟ್ಟಿಯಲ್ಲಿ ಅದನ್ನು ಮೊದಲು ಬರೆಯಿರಿ.