ಈಸೆನ್‌ಹೈಮ್‌ನ ಶಿಲುಬೆಯ ಚಿತ್ರದಲ್ಲಿ ಇಷ್ಟೊಂದು ಹುಣ್ಣುಗಳೇಕೆ?

ಪ್ರಶ್ನೆ:
ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ, ಈಗ ಫ್ರಾನ್ಸಿನ ಕೋಲ್ಮಾರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿರುವ ಈಸೆನ್‌ಹೈಮ್ ಪೂಜಾಪೀಠದ ಶಿಲುಬೆಯ ಚಿತ್ರದ ಒಂದು ನಕಲನ್ನು ಈಚೆಗೆ ನೋಡಿದೆ. ಕ್ರಿಸ್ತನ ಮೈ ಹಸಿರುಗಟ್ಟಿದೆ, ಚರ್ಮದ ತುಂಬ ಮುಳ್ಳು ನಾಟಿದ ಹುಣ್ಣುಗಳಿವೆ, ಬೆರಳುಗಳು ಸೆಟೆದು ಮೇಲಕ್ಕೆ ಚಾಚಿವೆ. ಪ್ರಸನ್ನವದನದ ಮೂರ್ತಿಗಳಿಗೆ ಕೈಮುಗಿದು ಬೆಳೆದ ನನಗೆ ಇಂಥ ಚಿತ್ರದ ಮುಂದೆ ಭಕ್ತಿ ಹುಟ್ಟುವುದಾದರೂ ಹೇಗೆ ಎಂಬ ಸಂದೇಹ ಉಳಿದಿದೆ. ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1:
ಚಿತ್ರ ಯಾರ ಕಣ್ಣೆದುರು ಇತ್ತು ಎಂಬುದನ್ನು ಮೊದಲು ನೋಡಬೇಕು. ಈಸೆನ್‌ಹೈಮ್‌ನ ಮಠ ಸಂತ ಆಂತೋನಿಯ ಪಂಥದವರದು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದವರಿಗೆ ಬರುತ್ತಿದ್ದ, ಜನ ‘ಸಂತ ಆಂತೋನಿಯ ಬೆಂಕಿ’ ಎನ್ನುತ್ತಿದ್ದ ರೋಗಕ್ಕೆ ಅಲ್ಲಿ ಶುಶ್ರೂಷೆ ನಡೆಯುತ್ತಿತ್ತು. ಕೈಕಾಲು ಉರಿದು, ಕಪ್ಪಾಗಿ ಕೊಳೆತು, ಎಷ್ಟೋ ಸಲ ಕತ್ತರಿಸಿಯೇ ತೆಗೆಯಬೇಕಾಗುತ್ತಿದ್ದ ಆ ರೋಗಿಗಳಿಗೆ, ತಮ್ಮಂತೆಯೇ ಹುಣ್ಣಾದ ಮೈಯ ದೇವರು ಪರಕೀಯನೆನಿಸಿರಲಾರ. ಇನ್ನೊಂದು ಮಾತು: ಈ ಪೂಜಾಪೀಠದ ಚಿತ್ರಫಲಕಗಳು ಕದಗಳಂತೆ ತೆರೆದು ಮುಚ್ಚುವಂಥವು; ತಾವು ನೋಡಿರುವುದು ಮುಚ್ಚಿದ ಕದಗಳ ಹೊರಮೈಯನ್ನು ಮಾತ್ರ. ಕದ ತೆರೆದರೆ ಒಳಗೆ ಪುನರುತ್ಥಾನದ ಕ್ರಿಸ್ತನಿದ್ದಾನೆ. ಆ ಬೆಳಕಿನ ಮೈಯಲ್ಲಿ ಶಿಲುಬೆಯ ಗಾಯಗಳ ಗುರುತು ಉಳಿದಿದೆ, ಹುಣ್ಣುಗಳೆಲ್ಲ ಮಾಯವಾಗಿವೆ.

ಉತ್ತರ 2:
ನಮ್ಮ ಉಪಖಂಡದ ಕಲೆಗೂ ಬಳಲಿದ ಮೈ ಅಪರಿಚಿತವಲ್ಲ. ಈಗಿನ ಪಾಕಿಸ್ತಾನದ ಸಿಕ್ರಿಯಲ್ಲಿ ದೊರೆತು ಲಾಹೋರಿನ ವಸ್ತುಸಂಗ್ರಹಾಲಯ ಸೇರಿದ ಗಾಂಧಾರ ಶೈಲಿಯ ಉಪವಾಸಿ ಬುದ್ಧನ ಪಕ್ಕೆಲುಬುಗಳನ್ನೂ ನರಗಳನ್ನೂ ಒಂದೊಂದಾಗಿ ಎಣಿಸಬಹುದು. ಕನ್ನಡಿಗರು ಕಾರಿಕಾಲಮ್ಮೆ ಎಂದು ಕರೆದ ತಮಿಳು ಶಿವಭಕ್ತೆ ಕಾರೈಕ್ಕಾಲ್ ಅಮ್ಮೈಯಾರ್ ತನ್ನ ಚೆಲುವನ್ನು ಕಳೆದುಬಿಡೆಂದು ಶಿವನನ್ನೇ ಬೇಡಿದವಳು. ಚೋಳರ ಕಾಲದ ಕಂಚಿನ ಮೂರ್ತಿಗಳಲ್ಲಿ ಆಕೆ ಬತ್ತಿದ ಎದೆ, ಎದ್ದು ಕಾಣುವ ಎಲುಬುಗಳೊಂದಿಗೆ ಕೈಯಲ್ಲಿ ತಾಳ ಹಿಡಿದು ಕುಳಿತಿದ್ದಾಳೆ. ನನಗಂತೂ ಆ ಕೃಶವಾದ ಮೈಗಿಂತ ಆಕೆಯ ನಗುವೇ ಹೆಚ್ಚು ಕಾಡುತ್ತದೆ.

ಉತ್ತರ 3:
ಮೇಲಿನ ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಬುದ್ಧನದೂ ಕಾರಿಕಾಲಮ್ಮೆಯದೂ ತಾವಾಗಿಯೇ ಬಯಸಿ ಪಡೆದ ಕಾರ್ಶ್ಯ. ಈಸೆನ್‌ಹೈಮ್‌ನ ರೋಗಿ ತನ್ನ ನೋವನ್ನು ಬೇಡಿ ತಂದುಕೊಂಡವನಲ್ಲ. ಪ್ರಶ್ನೆ ಕೇಳಿದವರ ‘ಪ್ರಸನ್ನವದನ’ವನ್ನೂ ಇನ್ನೊಮ್ಮೆ ನೋಡಬೇಕು. ಶ್ರವಣಬೆಳಗೊಳದ 58 ಅಡಿ ಎತ್ತರದ ಗೊಮ್ಮಟನಲ್ಲಿ, ವರ್ಷವಿಡೀ ಅಲುಗದೆ ನಿಂತ ತಪಸ್ಸಿನ ಕಷ್ಟವನ್ನು ಶಿಲ್ಪಿ ಮುಖಕ್ಕೂ ತರಲಿಲ್ಲ, ಮೈಗೂ ತರಲಿಲ್ಲ. ಕಾಲ ಬಳಿ ಬೆಳೆದ ಹುತ್ತಕ್ಕೆ, ಅದರಿಂದ ತಲೆ ಹೊರಹಾಕಿದ ಹಾವುಗಳಿಗೆ, ತೊಡೆ ತೋಳುಗಳನ್ನು ಸುತ್ತಿ ಮೇಲೇರಿದ ಬಳ್ಳಿಗಳಿಗೆ ಅದನ್ನು ಒಪ್ಪಿಸಿಬಿಟ್ಟ.