ಮುಂದವಡೆ ಹಲ್ಲು ಅಂದ್ರೆ ಯಾವ ಹಲ್ಲು?

ಗೆಳೆಯರೇ, ನಮಸ್ಕಾರ.

ಒಂದು ಪದ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮಗಳಿಗೆ 13 ವರ್ಷ. ಹಲ್ಲು ಇಕ್ಕಟ್ಟಾಗಿ ಒಂದರ ಮೇಲೊಂದು ಏರಿವೆ. ತಂತಿ ಹಾಕಿಸೋಣ ಅಂತ ಹುಬ್ಬಳ್ಳಿಯ ಒಂದು ಹಲ್ಲಿನ ದವಾಖಾನೆಗೆ ಹೋಗಿದ್ದೆವು. ಜಾಗ ಸಾಲದು, ಮೇಲಿನ ಎರಡು ಹಲ್ಲು ತೆಗೆಯಬೇಕು ಅಂದರು. ಒಪ್ಪಿಗೆ ಪತ್ರ ಕೊಟ್ಟರು. ಕನ್ನಡದಲ್ಲೇ ಇತ್ತು, ಖುಷಿ ಆಯ್ತು. ‘ಮೇಲಿನ ಎರಡು ಮುಂದವಡೆ ಹಲ್ಲುಗಳನ್ನು ತೆಗೆಯಲಾಗುವುದು’ ಅಂತ ಅಚ್ಚಾಗಿತ್ತು. ಪಕ್ಕದಲ್ಲಿ ಪೆನ್ನಿನಿಂದ 14, 24 ಅಂತ ಬರೆದಿದ್ದರು. ನಾನು ತಾರೀಕು ಅಂದುಕೊಂಡೆ.

ಮನೆಯಲ್ಲಿ ಮಗಳು ಅದನ್ನು ಅಜ್ಜಿಗೆ ಓದಿ ಹೇಳಿದಳು. ‘ಮುಂದ ವಡೆ’ ಅಂತ ಬಿಡಿಸಿ ಓದಿದಳು. ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ. ‘ಮುಂದಿನ ಹಲ್ಲ ತಗದ್ರ ಹುಡುಗಿ ನಾಕ ಮಂದ್ಯಾಗ ನಗೂದ ಹೆಂಗೋ?’ ಅಂತ ಶುರು ಮಾಡಿದಳು. ಅಲ್ಲವ್ವಾ, ಮುಂದಿನವಲ್ಲ, ಮುಂದವಡೆ ಅಂದೆ. ‘ಅದನ್ನs ನಾನೂ ಅಂದದ್ದು’ ಅಂದಳು. ತಪ್ಪು ಅವಳದಲ್ಲ. ಮುಂದೆ ಇರೋ ದವಡೆ ಅಂದರೆ ಬಾಯಿಯ ಮುಂಭಾಗ ಅಂತಲೇ ಯಾರಾದರೂ ತಿಳಿಯೋದು, ಅಲ್ವಾ? ದವಡೆ ಹಲ್ಲಿಗಿಂತ ಮುಂದಿನದು ಅಂತ ಪದ ಕಟ್ಟಿದವರ ಮನಸ್ಸಿನಲ್ಲಿತ್ತು. ಕೇಳಿದವರಿಗೆ ಅದು ಮುಟ್ಟಲಿಲ್ಲ.

ಗಂಟು ಬಿಡಿಸಿದ್ದು ತಂಗಿಯ ಮಗಳು. ಧಾರವಾಡದಲ್ಲಿ ಬಿಡಿಎಸ್ ಮೊದಲ ವರ್ಷ ಓದುತ್ತಿದ್ದಾಳೆ. 14, 24 ತಾರೀಕಲ್ಲ ಮಾಮಾ, ಹಲ್ಲಿನ ವಿಳಾಸ ಅಂದಳು. ಬಾಯಿಯನ್ನು ನಾಲ್ಕು ಪಾಲು ಮಾಡುತ್ತಾರಂತೆ. ಮೇಲೆ ಬಲಕ್ಕೆ 1, ಮೇಲೆ ಎಡಕ್ಕೆ 2, ಕೆಳಗೆ ಎಡಕ್ಕೆ 3, ಕೆಳಗೆ ಬಲಕ್ಕೆ 4. ಎರಡನೇ ಅಂಕಿ ಮೂಗಿನ ನೇರದಿಂದ ಹಿಂದಕ್ಕೆ ಎಣಿಸಿದ್ದು. ಒಂದು ಪಾಲಿಗೆ ಎಂಟು ಹಲ್ಲು, ಒಟ್ಟು 32. ಎಂಟರಲ್ಲಿ ಮೊದಲ ಎರಡು ಬಾಚಿ, ಮೂರನೆಯದು ಕೋರೆ, ಕೊನೆಯ ಮೂರು ದವಡೆ ಹಲ್ಲು. ನಡುವೆ ಉಳಿಯೋ ನಾಲ್ಕು ಮತ್ತು ಐದನೆಯವೇ ನಮ್ಮ ಪಂಚಾಯ್ತಿಯ ಹಲ್ಲುಗಳು, ಡಾಕ್ಟರ ಪ್ರೀಮೋಲಾರ್. ತಂತಿ ಹಾಕುವಾಗ ಜಾಗಕ್ಕಾಗಿ ಸಾಮಾನ್ಯವಾಗಿ ಬಲಿ ಕೊಡೋದು ಈ ನಾಲ್ಕನೆಯದನ್ನೇ ಅಂತೆ.

ಅಲ್ಲಿಂದ ನನಗೆ ಈ ಹೆಸರುಗಳ ಹುಚ್ಚು ಹಿಡಿಯಿತು. ಬಾಚಿ ಹಲ್ಲಿಗೆ ಆ ಹೆಸರು ಯಾಕೆ? ಬಾಚಣಿಗೆಯಿಂದ ಬಂದದ್ದು ಅಂತ ಬೆಂಗಳೂರಿನ ಸ್ನೇಹಿತರೊಬ್ಬರು ವಾದಿಸಿದರು. ನಮ್ಮ ಕಡೆ ತಲೆ ಬಾಚೋದಕ್ಕೆ ಹಣಗಿ ಅಂತೀವಿ, ಹಾಗಾಗಿ ನನಗೆ ಆ ಅನುಮಾನ ಬರಲೇ ಇಲ್ಲ. ಬಾಚಿ ಅಂದರೆ ಬಡಿಗೇರರ ಬಾಚಿ. ಸಂಸ್ಕೃತದ ವಾಶೀ ನಮ್ಮಲ್ಲಿ ಬಾಚಿ ಆಗಿದೆ, ತಮಿಳಿನಲ್ಲಿ ವಾಚ್ಚಿ.

ಸುಮ್ನೆ ನಿಘಂಟು ನೋಡಿ ಬಿಡೋದು ಬೇಡ ಅಂತ ನಮ್ಮ ಓಣಿಯ ಬಡಿಗೇರರ ಹತ್ತಿರ ಹೋಗಿ ಬಾಚಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅಲಗು ಗುದ್ದಲಿಯ ಹಾಗೆ ಕಾವಿಗೆ ಅಡ್ಡ ಕೂತಿರುತ್ತದೆ. ಹೊರಮೈ ತುಸು ಉಬ್ಬು, ಒಳಮೈ ತುಸು ತಗ್ಗು. ತುದಿಗೆ ಬರ್ತಾ ಬರ್ತಾ ತೆಳುವಾಗಿ ಒಂದೇ ನೇರ ಗೆರೆಯಲ್ಲಿ ಮುಗಿಯುತ್ತದೆ. ಅದನ್ನು ಹಿಡಿದುಕೊಂಡೇ ನನ್ನ ಮೇಲಿನ ಮುಂದಿನ ಹಲ್ಲಿನ ಹಿಂಭಾಗಕ್ಕೆ ನಾಲಿಗೆ ಆಡಿಸಿದೆ. ಅದೇ ತಗ್ಗು! ಅದೇ ತೆಳು ಅಂಚು! ಪೇರಲ ಹಣ್ಣು ಕಚ್ಚಿದಾಗ ಉಳಿಯೋ ಗುರುತೂ ಮರದ ಮೇಲಿನ ಬಾಚಿ ಏಟಿನ ಗುರುತಿನ ಹಾಗೇ ಇರುತ್ತದೆ. ಹೆಸರು ಇಟ್ಟವರು ಬಾಯೊಳಗೆ ಇಣುಕಿ ನೋಡಿಯೇ ಇಟ್ಟಿದ್ದಾರೆ.

ಕೋರೆಯದು ಸುಲಭ. ಕೋರೆ ಅಂದರೆ ಬಾಗಿದ್ದು, ಮೊನಚಾದದ್ದು. ನಮ್ಮಲ್ಲಿ ಅದು ಕ್ವಾರಿ. ಕ್ವಾರಿ ಮೀಸಿ ಗೊತ್ತಿದ್ದವರಿಗೆ ಕ್ವಾರಿ ಹಲ್ಲು ವಿವರಿಸಬೇಕಾಗಿಲ್ಲ. ಒಂದೇ ಮೊನೆ, ಬೇರು ಮಾತ್ರ ಬಾಯಿಯಲ್ಲೆಲ್ಲ ಉದ್ದ. ದೊಡ್ಡಾಟದ ರಾಕ್ಷಸನಿಗೆ ಹೊರಗೆ ಚಾಚಿರೋದು ಇದೇ. ಹಂದಿಯ ಕೋರೆ ಕೂಡ ನಿಜವಾಗಿ ಕೋರೆ ಹಲ್ಲೇ. ಆನೆಯ ದಂತ ಮಾತ್ರ ಮೋಸ. ಅದು ಉದ್ದಕ್ಕೆ ಬೆಳೆದ ಬಾಚಿ ಹಲ್ಲು.

ಹಳೆಗಾಲದ ‘ಕೋರೆದಾಡೆ’ಯಲ್ಲಿರೋ ದಾಡೆ ಸಂಸ್ಕೃತದ ದಂಷ್ಟ್ರಾದಿಂದ ಬಂದದ್ದು. ಮರಾಠಿಯ ದಾಢ ಕೂಡ ಅಲ್ಲಿಂದಲೇ. ಆದರೆ ಅವರಿಗೆ ದಾಢ ಅಂದರೆ ಹಿಂದಿನ ಅಗೆಯೋ ಹಲ್ಲು, ಬುದ್ಧಿ ಹಲ್ಲಿಗೆ ಅಕ್ಕಲ್‌ದಾಢ ಅಂತಾರೆ. ಒಂದೇ ಪದ ನಮ್ಮಲ್ಲಿ ಮುಂದೆ, ಅವರಲ್ಲಿ ಹಿಂದೆ ನಿಂತಿದೆ. ಎರಡೂ ಭಾಷೆ ಕಿವಿಗೆ ಬೀಳೋ ಧಾರವಾಡದಲ್ಲಿ ಈ ದಾಡೆಯನ್ನು ಬಳಕೆಗೆ ತರಬೇಡಿ ಅನ್ನೋದು ನನ್ನ ಸಲಹೆ. ಕೊನೆಯ ‘ಎ’ ನಮ್ಮ ಬಾಯಲ್ಲಿ ‘ಇ’ ಆಗಿ, ದಾಡೆ ಹೋಗಿ ದಾಡಿ ಆಗಿ, ಹಲ್ಲು ನೋವಿನವನು ಕ್ಷೌರದಂಗಡಿಯಲ್ಲಿ ಕೂರಬೇಕಾದೀತು.

ಈಗ ದವಡೆ. ಬಾಚಿ, ಕೋರೆ ಎರಡೂ ಆಕಾರದ ಹೆಸರು. ದವಡೆ ಹಲ್ಲು ಜಾಗದ ಹೆಸರು. ‘ದವಡಿ ಹಲ್ಲ ಉದರಸ್ತೀನಿ ನೋಡ’ ಅಂತ ಬೈಸಿಕೊಂಡು ಬೆಳೆದವರು ನಾವು, ಆ ಜಾಗ ಚೆನ್ನಾಗಿ ಗೊತ್ತು. ಆದರೆ ಹಲ್ಲು ಹೇಗಿರುತ್ತದೆ ಅಂತ ಹೆಸರು ಹೇಳೋದಿಲ್ಲ. ಅಗಲ ತಲೆ, ಮೇಲೆ ನಾಲ್ಕೈದು ಗುಬಟು, ನಡುವೆ ಹಳ್ಳ. ಮೇಲಿನವಕ್ಕೆ ಸಾಮಾನ್ಯವಾಗಿ ಮೂರು ಬೇರು, ಕೆಳಗಿನವಕ್ಕೆ ಎರಡು. ಇದರ ಜಾಗದ ಹೆಸರಿಗೇ ‘ಮುನ್’ ಹಚ್ಚಿ ಇನ್ನೊಂದು ಹಲ್ಲಿಗೆ ಹೆಸರು ಮಾಡಿದ್ದರಿಂದ ಈ ಫಜೀತಿ.

ಹಾಗಾದರೆ ಆ ಹಲ್ಲಿಗೆ ಜನ ಯಾಕೆ ಹೆಸರು ಇಡಲಿಲ್ಲ? ತಂಗಿಯ ಮಗಳು ಕಾಲೇಜಿನಲ್ಲಿ ಮೇಣದ ತುಂಡು ಕೆತ್ತಿ ಹಲ್ಲು ಮಾಡಬೇಕು. ಕೆತ್ತಿದ ಒಂದು ಮೇಲಿನ ನಾಲ್ಕನೇ ಹಲ್ಲನ್ನು ತಂದು ನನ್ನ ಅಂಗೈ ಮೇಲೆ ಇಟ್ಟಳು. ಕೆನ್ನೆಯ ಕಡೆಯಿಂದ ನೋಡಿದರೆ ಥೇಟ್ ಕೋರೆ, ಒಂದೇ ಮೊನೆ. ಹೊರಳಿಸಿದರೆ ಹಿಂದೆ ಇನ್ನೊಂದು ಮೊನೆ, ಸ್ವಲ್ಪ ಗಿಡ್ಡ. ಎರಡರ ನಡುವೆ ಉಗುರು ಕೂರುವಷ್ಟು ಗೀರು. ಕನ್ನಡಿಯಲ್ಲಿ ನಮಗೆ ಕಾಣೋದು ಕೆನ್ನೆಯ ಕಡೆಯ ಮೊನೆ ಮಾತ್ರ. ಹಾಗಾಗಿ ಅದನ್ನೂ ಕೋರೆಯ ಲೆಕ್ಕಕ್ಕೆ ಸೇರಿಸಿರಬೇಕು.

ಇನ್ನೊಂದು ಕಾರಣ ಅವಳೇ ಹೇಳಿದ್ದು. ಹಾಲುಹಲ್ಲು 20. ಎಂಟು ಬಾಚಿ, ನಾಲ್ಕು ಕೋರೆ, ಎಂಟು ದವಡೆ. ಈ ಜಾತಿ ಹಲ್ಲು ಅದರಲ್ಲಿ ಇಲ್ಲವೇ ಇಲ್ಲ! ಹತ್ತು ಹನ್ನೆರಡನೇ ವರ್ಷಕ್ಕೆ ಹಾಲಿನ ದವಡೆ ಹಲ್ಲು ಬಿದ್ದ ಜಾಗದಲ್ಲಿ ಇವು ಬರುತ್ತವೆ. ಮಕ್ಕಳ ಹಲ್ಲನ್ನು ಎಣಿಸಿ ಆಡಿಸೋ ವಯಸ್ಸು ಅಷ್ಟೊತ್ತಿಗೆ ಮುಗಿದಿರುತ್ತದೆ. ಹೆಸರಿಡೋರು ಯಾರು?

ದನದ ಸಂತೆಯಲ್ಲಿ ಏನಾದರೂ ಸಿಗಬಹುದಾ ಅಂತಲೂ ಯೋಚಿಸಿದೆ. ಹಾವೇರಿ ಕಡೆ ಹೋರಿ ಕೊಳ್ಳೋರು ಕೆಳತುಟಿ ಜಗ್ಗಿ ನೋಡಿ, ಎರಡ ಹಲ್ಲು, ನಾಕ ಹಲ್ಲು, ಬಾಯಿಗೂಡೇತಿ ಅಂತ ವಯಸ್ಸು ಹೇಳಿಬಿಡುತ್ತಾರೆ. ಆದರೆ ಅವರು ಎಣಿಸೋದು ಕೆಳಗಿನ ಮುಂದಿನ ಎಂಟು ಹಲ್ಲು ಮಾತ್ರ. ದನಕ್ಕೆ ಮೇಲೆ ಮುಂದುಗಡೆ ಹಲ್ಲೇ ಇಲ್ಲ. ಒಳಗಿನ ಹಲ್ಲಿನ ಗೊಡವೆಗೆ ಸಂತೆಯವರೂ ಹೋಗೋದಿಲ್ಲ.

ಬರವಣಿಗೆಯಲ್ಲಿ ಅಗ್ರಚರ್ವಣಕ ಅಂತ ಒಂದು ಪದ ಇದೆ. ಅವ್ವನ ಮುಂದೆ ಅದನ್ನು ಹೇಳೋ ಧೈರ್ಯ ನನಗಿಲ್ಲ. ಎರಡು ಮೊನೆ ಇದೆ ಅಂತ ‘ಇಮ್ಮೊನೆ ಹಲ್ಲು’ ಅಂತ ನಾನೇ ಒಂದು ಕಟ್ಟಿದ್ದೆ. ಕಿವಿಗೆ ಚೆನ್ನಾಗಿದೆ. ಆದರೆ ಕೆಳಗಿನ ಐದನೇ ಹಲ್ಲಿಗೆ ಎಷ್ಟೋ ಜನರಲ್ಲಿ ಮೂರು ಮೊನೆ ಇರುತ್ತವೆ ಅಂತ ತಂಗಿಯ ಮಗಳು ಮೊದಲ ದಿನವೇ ಅದನ್ನು ಹೊಡೆದು ಹಾಕಿದಳು. ‘ಕಿರುದವಡೆ ಹಲ್ಲು’ ಹೇಗೆ? ಅದೂ ಅರ್ಧ ಜಾಗದ ಹೆಸರೇ, ಆದರೂ ಮುಂದಿನ ಹಲ್ಲು ಅಂತ ಯಾರೂ ಹೆದರೋದಿಲ್ಲ.

ಗದಗ, ರೋಣ, ನರಗುಂದ, ಶಿಗ್ಗಾಂವಿ, ಹಾನಗಲ್ಲ ಕಡೆಯವರು ಇದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ. ಬರೇ ಪದ ಕೇಳಬೇಡಿ. ಬೆರಳಿಟ್ಟು ತೋರಿಸಿ, ಕೋರೆಯ ಹಿಂದಿನ ಎರಡಕ್ಕೆ ಏನಂತೀರಿ ಅಂತ ಕೇಳಿ. ಕಬ್ಬು ಸಿಗಿಯೋದು ಯಾವ ಹಲ್ಲಿನಿಂದ ಅಂತ ಕೇಳಿದರೂ ಆದೀತು, ಕೈ ತಾನಾಗೇ ಅಲ್ಲಿಗೆ ಹೋಗುತ್ತೆ.

ಅವ್ವನನ್ನೂ ಹಾಗೇ ಕೇಳಿದೆ. ಹಲ್ಲು ಮುಟ್ಟಿ ನೋಡಿಕೊಂಡು, ‘ಇದಕ್ಕೇನ ಹೆಸರೋ, ಕ್ವಾರಿ ಬಾಜೂದ್ದು’ ಅಂದಳು. ಒಪ್ಪಿಗೆ ಪತ್ರದಲ್ಲಿ ‘ಮುಂದವಡೆ’ ಮೇಲೆ ಪೆನ್ಸಿಲ್ಲಿನಿಂದ ಸದ್ಯಕ್ಕೆ ಅದನ್ನೇ ಬರೆದಿಟ್ಟಿದ್ದೇನೆ.